ದೊಣ್ಣೆ ಮೆಣಸಿನಕಾಯಿ ಗಿಡ ಸೊಂಪಾಗಿದೆ, ಹೂವು ಮಾತ್ರ ಉದುರುತ್ತಿದೆ

ಆಲ್ದೂರು ಹಿತ್ತಲು (ಮಾರ್ಚ್ 24)

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಮಗಳೂರಿನ ಆಲ್ದೂರಿನ ಹತ್ತಿರ. ಎರಡು ಎಕರೆ ಕಾಫಿ, ಮನೆ ಹಿಂದೆ ಒಂದು ಹಿತ್ತಲು. ಇಷ್ಟು ವರ್ಷ ಹಿತ್ತಲಲ್ಲಿ ಬದನೆ, ಬಸಳೆ, ಜೀರಿಗೆ ಮೆಣಸು ಇಷ್ಟೇ ಇತ್ತು. ಹೋದ ವರ್ಷ ಆಸೆಪಟ್ಟು ದೊಣ್ಣೆ ಮೆಣಸಿನಕಾಯಿ ಬಯಲಲ್ಲೇ ಹಾಕಿದೆ. ಜೂನ್ ಮಳೆ ಹಿಡಿದ ಹದಿನೈದೇ ದಿನಕ್ಕೆ ಎಲ್ಲಾ ಕೊಳೆತು ಹೋಯಿತು.

ಅದಕ್ಕೇ ಈ ಸಲ ಹಟಕ್ಕೆ ಬಿದ್ದು 20 ಅಡಿ ಉದ್ದ, 10 ಅಡಿ ಅಗಲದ ಒಂದು ಪಾಲಿಹೌಸ್ ಮಾಡಿಸಿದೆ. ತುಕ್ಕು ಹಿಡಿಯದ ಹಾಗೆ ಸತು ಲೇಪಿಸಿದ ಜಿಐ ಪೈಪು, ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಶೀಟು. ಪಾಲಿಹೌಸ್ ಅಂತ ನಾನು ಹೇಳುವುದು. ನಮ್ಮ ಮನೆಯವರು ಅದನ್ನು 'ಕೋಳಿಗೂಡು' ಅಂತಲೇ ಕರೆಯುವುದು.

ಜನವರಿ ಕೊನೆಯಲ್ಲಿ ಹಾಸನದ ಒಂದು ನರ್ಸರಿಯಿಂದ 30 ಸಸಿ ತಂದು ನೆಟ್ಟೆ. ಎರಡು ಸತ್ತವು, ಉಳಿದ 28 ಜೋರಾಗಿ ಬಂದಿವೆ. ಎರಡಡಿ ದಾಟಿವೆ. ಎಲೆ ವೀಳ್ಯದೆಲೆಗಿಂತ ಅಗಲ, ಕಡು ಹಸಿರು. ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಹೂವು ನಿಲ್ಲುತ್ತಿಲ್ಲ. ತೊಟ್ಟು ಹಳದಿಯಾಗುತ್ತದೆ, ಮಾರನೇ ದಿನ ನೆಲದಲ್ಲಿ ಬಿದ್ದಿರುತ್ತದೆ. ಬೆಳಿಗ್ಗೆ ಗುಡಿಸಿದರೆ ಒಂದು ಮೊರ ಹೂವು! 28 ಗಿಡಕ್ಕೆ ಇದುವರೆಗೆ ಕಾಯಿ ನಾಲ್ಕೇ ನಾಲ್ಕು. ಅದರಲ್ಲಿ ಎರಡಕ್ಕೆ ತಳದಲ್ಲಿ ಕಪ್ಪು ಮಚ್ಚೆ. ಇನ್ನೊಂದು ಉದ್ದಿನ ವಡೆ ತರಹ ಚಪ್ಪಟೆ.

ಕೊಟ್ಟಿಗೆ ಗೊಬ್ಬರ ಮೊದಲೇ ಹಾಕಿದ್ದೆ. ಆಮೇಲೆ ತೋಟಕ್ಕೆ ತಂದಿದ್ದ ಯೂರಿಯಾ ಸ್ವಲ್ಪ ಸ್ವಲ್ಪ ನೀರಿಗೆ ಕಲಸಿ ಹತ್ತು ದಿನಕ್ಕೊಮ್ಮೆ ಕೊಡುತ್ತಿದ್ದೇನೆ. ನೀರು ನೆನಪಾದಾಗ. ಸುಳ್ಳು ಯಾಕೆ ಹೇಳಲಿ, ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಗಲಾಟೆಯಲ್ಲಿ ಮೂರು ದಿನ ಮರೆತಿದ್ದೂ ಇದೆ. ಮಂಗಗಳ ಕಾಟಕ್ಕೆ ನಾಲ್ಕೂ ಸುತ್ತ ಹಸಿರು ಶೇಡ್‌ನೆಟ್ ಎರಡು ಪದರ ಕಟ್ಟಿದ್ದೇನೆ. ಕೆಳಗಿನ ನಾಲ್ಕಡಿಗೆ ಪ್ಲಾಸ್ಟಿಕ್ ಶೀಟೂ ಇದೆ.

ಇನ್ನೊಂದು ವಿಷಯ. ಜೀರಿಗೆ ಮೆಣಸಿನ ಗಿಡ ಐದಡಿ ದೂರದಲ್ಲೇ ಇದೆ. ಅದರ ಸೋಂಕಿಗೆ ದೊಣ್ಣೆ ಮೆಣಸೂ ಖಾರ ಆಗುತ್ತದೆ, ಒಂದನ್ನು ಕೀಳು ಅಂತ ಅತ್ತೆ ಹೇಳುತ್ತಿದ್ದಾರೆ. ಜೀರಿಗೆ ಮೆಣಸನ್ನು ಮುಟ್ಟಲು ಅವರು ಬಿಡುವುದಿಲ್ಲ. ಇನ್ನು ಕೀಳಬೇಕಾದ್ದು ಯಾವುದು ಅಂತ ನೀವೇ ಊಹಿಸಿ. ಇದು ನಿಜವಾ?

ಕೊಪ್ಪದ ಕೃಷಿಕ

ಬೋರಾನ್ (ಗಿಡಕ್ಕೆ ಬೇಕಾದ ಒಂದು ಸೂಕ್ಷ್ಮ ಪೋಷಕಾಂಶ) ಸ್ಪ್ರೇ ಮಾಡಿ. ಹೂವು ನಿಲ್ಲುತ್ತದೆ.

ಅರಸೀಕೆರೆ ಹತ್ತು ಗುಂಟೆ

ಬೋರಾನ್ ಎಲ್ಲಿಗೂ ಓಡಿ ಹೋಗುವುದಿಲ್ಲ ಸಾರ್, ಆಮೇಲೆ ನೋಡೋಣ. ಅಕ್ಕ, ಮೊದಲು ಒಂದು ಥರ್ಮಾಮೀಟರ್ ತನ್ನಿ. ಗಿಡದ ಎತ್ತರಕ್ಕೆ, ಬಿಸಿಲು ನೇರ ಬೀಳದ ಹಾಗೆ ನೇತು ಹಾಕಿ. ಮಧ್ಯಾಹ್ನ ಎರಡೂವರೆಗೆ ಎಷ್ಟು ತೋರಿಸುತ್ತದೆ ನೋಡಿ ಇಲ್ಲಿ ಬರೆಯಿರಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಆಲ್ದೂರು ಹಿತ್ತಲು (ಮಾರ್ಚ್ 27)

ಥರ್ಮಾಮೀಟರ್ ತಂದೆ. ಎರಡು ದಿನ ನೋಡಿದೆ. ಎರಡೂವರೆಗೆ 39, ನಿನ್ನೆ 38. ಹೊರಗೆ ಜಗಲಿಯಲ್ಲಿ 31 ಇತ್ತು. ಬೆಳಗಿನ ಜಾವ ಒಳಗೆ 19. ನಾನು ಒಳಗೆ ಹೋಗುವುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ, ಹಾಗಾಗಿ ಇಷ್ಟು ಕಾವು ಅಂತ ಗೊತ್ತೇ ಆಗಿರಲಿಲ್ಲ.

ಅರಸೀಕೆರೆ ಹತ್ತು ಗುಂಟೆ

ಅಂದುಕೊಂಡೆ. ನನ್ನದು ಹತ್ತು ಗುಂಟೆ ಪಾಲಿಹೌಸ್. ಆರು ವರ್ಷ ಬರೀ ಕ್ಯಾಪ್ಸಿಕಂ ಬೆಳೆದೆ. ಮೊದಲನೇ ವರ್ಷ ನಾನೂ ಹೀಗೇ ಹೂವು ಗುಡಿಸಿದವನೇ.

ಈ ಗಿಡಕ್ಕೆ ಹಗಲು 20ರಿಂದ 28 ಡಿಗ್ರಿ ಇದ್ದರೆ ಹಬ್ಬ. 32 ದಾಟಿದರೆ ಹೂವು ಉದುರಲು ಶುರು. 35ರ ಮೇಲೆ ಪರಾಗ ಕೆಲಸಕ್ಕೆ ಬರುವುದಿಲ್ಲ, ಕಾಯಿ ಕಚ್ಚುವುದಿಲ್ಲ. ನಿಮ್ಮ ರಾತ್ರಿ ಚೆನ್ನಾಗಿದೆ, ಅದು ಮಲೆನಾಡಿನ ಪುಣ್ಯ. ನಮ್ಮ ಕಡೆ ಏಪ್ರಿಲ್‌ನಲ್ಲಿ ರಾತ್ರಿಯೂ ಸೆಕೆ. ನಿಮ್ಮ ಊರಿನ ಹವಾಮಾನ ಗಿಡಕ್ಕೆ ಹೇಳಿ ಮಾಡಿಸಿದ್ದು. ಕೆಡಿಸಿದ್ದು ಆ ಕೋಳಿಗೂಡು.

ಕೆಳಗಿನ ಪ್ಲಾಸ್ಟಿಕ್ ಇವತ್ತೇ ಬಿಚ್ಚಿ. ಪಕ್ಕದ ಶೇಡ್‌ನೆಟ್ಟೂ ತೆಗೆಯಿರಿ. ಮಂಗಕ್ಕೆ ಶೇಡ್‌ನೆಟ್ ಯಾವ ಲೆಕ್ಕ? ಮನಸ್ಸು ಮಾಡಿದರೆ ಐದು ನಿಮಿಷಕ್ಕೆ ಹರಿಯುತ್ತದೆ. ತಡೆಯುತ್ತಿರುವುದು ಗಾಳಿ, ಬೆಳಕು, ಜೇನುನೊಣ ಮಾತ್ರ. ಅದರ ಬದಲು ವೆಲ್ಡ್ ಮೆಶ್ (ಗಟ್ಟಿ ತಂತಿ ಬಲೆ) ಹಾಕಿ. ಖರ್ಚು ಜಾಸ್ತಿ, ಆದರೆ ಒಂದೇ ಸಲ. ಬಿಸಿಗಾಳಿ ಮೇಲಕ್ಕೆ ಏರುತ್ತದೆ ಅಲ್ವಾ, ತುದಿಯ ಎರಡೂ ಕಡೆ ತ್ರಿಕೋನದ ಜಾಗದಲ್ಲಿ ಶೀಟು ಕತ್ತರಿಸಿ ಮೆಶ್ ಕೂರಿಸಿ. ಎರಡು ಪದರ ಶೇಡ್‌ನೆಟ್ ಉಳಿಯಿತಲ್ಲ, ಅದರಲ್ಲಿ ಒಂದು ಪದರವನ್ನು ಚಾವಣಿ ಮೇಲೆ ಹನ್ನೊಂದರಿಂದ ಮೂರರವರೆಗೆ ಎಳೆಯಿರಿ, ಆಮೇಲೆ ಸರಿಸಿ. ಇದು ಬೇಸಿಗೆಗೆ ಮಾತ್ರ.

ಯೂರಿಯಾ ನಿಲ್ಲಿಸಿ. ಎಲೆ ವೀಳ್ಯದೆಲೆಗಿಂತ ಅಗಲ ಅಂದಾಗಲೇ ಗೊತ್ತಾಯಿತು, ಗಿಡ ಸೊಕ್ಕಿದೆ. ಸೊಕ್ಕಿದ ಗಿಡ ಎಲೆ ಮಾಡುತ್ತದೆ, ಸಂಸಾರ ಮಾಡುವುದಿಲ್ಲ. ಇನ್ನೊಂದು ಮಾತು. ಕವೆಯಲ್ಲಿ ಬರುವ ಮೊದಲ ಹೂವು ಕೀಳಬೇಕು ಅಂತ ಎಲ್ಲ ಕಡೆ ಹೇಳುತ್ತಾರೆ. ಸಣ್ಣ ಗಿಡಕ್ಕೆ ಅದು ಸರಿ. ನಿಮ್ಮ ಗಿಡದಲ್ಲಿ ಈಗ ಒಂದು ಹೂವೂ ಕೀಳಬೇಡಿ. ನಾಲ್ಕು ಕಾಯಿ ಕಚ್ಚಿದರೆ ಅದೇ ಗಿಡಕ್ಕೆ ಮೂಗುದಾರ.

ತಳ ಕಪ್ಪಾಗಿದ್ದು ರೋಗ ಅಲ್ಲ, ಔಷಧಿ ಅಂಗಡಿಗೆ ಓಡಬೇಡಿ. ಕಾಯಿಯ ತುದಿಗೆ ಕ್ಯಾಲ್ಸಿಯಂ ಮುಟ್ಟಿಲ್ಲ. ಅದು ನೀರಿನ ಜೊತೆಗೇ ಸಾಗಬೇಕು. ನೀವು ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೊಡ ಕೊಡ ಸುರಿದರೆ ಪಾಪ ಅದು ಹೇಗೆ ಹೋಗುತ್ತದೆ? ಯೂರಿಯಾ ಜಾಸ್ತಿಯಾದರೂ ಇದೇ ತೊಂದರೆ. ಒಂದು ಡ್ರಿಪ್ ಪೈಪು ಎಳೆದು ದಿನಾ ಸ್ವಲ್ಪ ಸ್ವಲ್ಪ ಕೊಡಿ. ಬುಡಕ್ಕೆ ಒಣ ಎಲೆ ಮುಚ್ಚಿ, ಸಿಲ್ವರ್ ಓಕ್ ಎಲೆ ನಿಮ್ಮಲ್ಲಿ ಬೇಕಾದಷ್ಟಿರುತ್ತದೆ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ.

ಮೂಡಿಗೆರೆ ಮಲ್ಲಿಗೆ

ಜೀರಿಗೆ ಮೆಣಸಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲವಲ್ಲ! ನಾನು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿದವಳು, ಅತ್ತೆಯನ್ನು ಒಪ್ಪಿಸುವ ಧೈರ್ಯ ಮಾತ್ರ ನನಗೂ ಇಲ್ಲ.

ಪಕ್ಕದ ಗಿಡದ ಪರಾಗ ಬಿದ್ದರೂ ಈ ವರ್ಷದ ಕಾಯಿ ಖಾರ ಆಗುವುದಿಲ್ಲ. ಖಾರ ತಯಾರಾಗುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಆ ತಿರುಳು ತಾಯಿ ಗಿಡದ್ದು. ದೊಣ್ಣೆ ಮೆಣಸಿಗೆ ಖಾರ ಮಾಡುವ ಗುಣವೇ ಕೆಟ್ಟು ನಿಂತಿದೆ, ಅದಕ್ಕೇ ಸಿಹಿ. ಆದರೆ ಆ ಕಾಯಿಯ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ, ಬೆರಕೆಯಾದ ಬೀಜದ ಗಿಡಗಳಲ್ಲಿ ಖಾರ ಬರಬಹುದು. ಖಾರದ ಗುಣವೇ ಮೇಲುಗೈ. ನಿಮ್ಮ ಅತ್ತೆ ಹಿಂದೆ ಯಾವಾಗಲೋ ಮನೆಯ ಬೀಜ ಹಾಕಿ ನೋಡಿರಬೇಕು. ಪೂರ್ತಿ ತಪ್ಪು ಹೇಳಿಲ್ಲ ಅವರು, ಒಂದು ವರ್ಷ ಮುಂಚೆ ಹೇಳಿದ್ದಾರೆ ಅಷ್ಟೇ.

ಎಲೆ ಕಡೆಯೂ ಕಣ್ಣಿಡಿ. ಅಂಚು ಮೇಲಕ್ಕೆ ದೋಣಿ ತರಹ ಮುದುರಿದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಮಗುಚಿದರೆ ಮೈಟ್ ನುಸಿ. ಎರಡಕ್ಕೂ ಔಷಧಿ ಬೇರೆ. ಸುಮ್ನೆ ಮುಟುರು ಬಂತು ಅಂತ ಕೈಗೆ ಸಿಕ್ಕಿದ್ದು ಹೊಡೆಯಬೇಡಿ.

ಸಕಲೇಶಪುರ ಘಟ್ಟ

ಅರಸೀಕೆರೆಯವರು ಹೇಳಿದ್ದು ಬೇಸಿಗೆಗೆ ಸರಿ. ಆದರೆ ಅವರದು ಬಯಲುಸೀಮೆ, ನಮ್ಮದು ಮಳೆ. ಜೂನ್ ಬಂದ ಮೇಲೆ ಒಂದು ಪದರ ನೆಟ್ಟೂ ಮೇಲೆ ಇರಬಾರದು. ಮೋಡ ಮುಚ್ಚಿದ ಬೆಳಕೇ ಕಡಿಮೆ, ಅದರ ಮೇಲೆ ನೆಟ್ ಹಾಕಿದರೆ ಕಾವಿಲ್ಲದಿದ್ದರೂ ಹೂವು ಉದುರುತ್ತದೆ. ಸುತ್ತ ಒಂದೂವರೆ ಅಡಿ ಚರಂಡಿ ತೋಡಿ. ಮಣ್ಣು ಏರುಮಡಿ ಮಾಡಿ.

ಇನ್ನೊಂದು, ಮೊದಲು ಅಲ್ಲಿ ಬದನೆ ಇತ್ತು ಅಂದಿರಿ. ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಎಲ್ಲ ಒಂದೇ ಕುಟುಂಬ. ಸೊರಗು ರೋಗ ಮಣ್ಣಿನಲ್ಲೇ ಕೂತಿರುತ್ತದೆ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಜೋತು ಬಿದ್ದರೆ, ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿ. ಹಾಲಿನ ಎಳೆ ತರಹ ಇಳಿದರೆ ಅದೇ ರೋಗ. ಗಿಡವನ್ನು ಬುಡದ ಮಣ್ಣಿನ ಸಮೇತ ಹೊರಗೆ ಹಾಕಿ. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಗೌರವ್' ತಳಿ ನೋಡಿ, ಈ ರೋಗವನ್ನು ಸ್ವಲ್ಪ ತಡೆದುಕೊಳ್ಳುತ್ತದೆ.

ಕೊಪ್ಪದ ಕೃಷಿಕ

ಬೋರಾನ್ ಕೂಡ ಬೇಕು ಅಂತ ಈಗಲೂ ಹೇಳುತ್ತೇನೆ.

ಆಲ್ದೂರು ಹಿತ್ತಲು (ಮೇ 21)

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ.

ಪ್ಲಾಸ್ಟಿಕ್ ಮತ್ತು ನೆಟ್ ಅವತ್ತೇ ಬಿಚ್ಚಿದೆ. ಮೆಶ್ ಬರುವಷ್ಟರಲ್ಲಿ ಮಂಗ ಒಂದು ಸಲ ಬಂದು ಎರಡು ಗಿಡ ಮುರಿದು ಹೋಯಿತು. ತಿನ್ನಲಿಲ್ಲ, ಸುಮ್ನೆ ಮುರಿದಿದ್ದು. ತುದಿ ಕತ್ತರಿಸಿದ ಮೇಲೆ ಮಧ್ಯಾಹ್ನ 32, 33ಕ್ಕೆ ಇಳಿಯಿತು. ಏಪ್ರಿಲ್ ಎರಡನೇ ವಾರದಿಂದ ಹೂವು ನಿಂತಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಗಿಡದ ಆಸರೆಗೆ ಕಟ್ಟಿದ ದಾರ ಒಮ್ಮೆ ಅಲ್ಲಾಡಿಸುತ್ತೇನೆ, ಪರಾಗ ಉದುರಲಿ ಅಂತ. ಈಗ 26 ಗಿಡದಲ್ಲಿ ಮೂರು, ನಾಲ್ಕು ಕಾಯಿ ಇವೆ. ನಿನ್ನೆ ಮೊದಲ ಕೊಯ್ಲು, ಮೂರು ಕೆಜಿಗೆ ಸ್ವಲ್ಪ ಕಡಿಮೆ. ಎಲ್ಲಾ ಹಸಿರು. ಹಣ್ಣಾದಾಗ ಹಳದಿಯಾಗುವ ಕಾಯಿಯ ಗಿಡ ಯಾವುದು ಅಂತ ಗುರುತು ಹಾಕಿದ್ದೇನೆ. ಅವು ಹಣ್ಣಾಗಲು ಇನ್ನೂ ಮೂರು ವಾರ ಬಿಡಬೇಕಂತೆ, ಅಷ್ಟರಲ್ಲಿ ಮಳೆ ಬರುತ್ತದೆ. ಚರಂಡಿಗೆ ಆಳು ಹುಡುಕುತ್ತಿದ್ದೇನೆ.

ಬೋರಾನ್ ಹೊಡೆಯಲಿಲ್ಲ, ಕೊಪ್ಪದವರು ಬೇಜಾರು ಮಾಡಿಕೊಳ್ಳಬಾರದು.

ನಿನ್ನೆ ಅತ್ತೆ ಅದರಲ್ಲೇ ಎಣ್ಣೆಗಾಯಿ ಮಾಡಿದರು. ಮೊದಲು ಒಂದು ಚೂರು ಹಸಿಯಾಗಿ ಕಚ್ಚಿ ನೋಡಿ, "ಇದಕ್ಕೆ ಖಾರವೇ ಇಲ್ಲವಲ್ಲೇ" ಅಂದರು. ಆಮೇಲೆ ಹೊರಗೆ ಹೋಗಿ ಒಂದು ಹಿಡಿ ಜೀರಿಗೆ ಮೆಣಸು ಕಿತ್ತುಕೊಂಡು ಬಂದು ಮಸಾಲೆಗೆ ಹಾಕಿ ಅರೆದರು.