ಡಬ್ ಎಲ್ಪಿ ಹಾಕಿದ್ರೆ ಮುಳ್ಳು ಹಾರ್ತಿದೆ, ಪ್ಲೇಟೇ ಸರಿ ಇಲ್ವಾ?

ಗಿರಿನಗರದವ:
ಎಲ್ರಿಗೂ ನಮಸ್ಕಾರ. ಪಾಂಡಾ ಬೇರ್, ಸೋನಿಕ್ ಬೂಮ್ ಅನ್ನೋ ಸಂಗೀತಗಾರರು ಇಬ್ರೂ ಸೇರಿ 2022ರಲ್ಲಿ ಮಾಡಿದ 'ರೀಸೆಟ್' ಆಲ್ಬಂ ನಂಗೆ ಪ್ರಾಣ. ಅದನ್ನೇ ಪ್ರೊಡ್ಯೂಸರ್ ಏಡ್ರಿಯನ್ ಶೆರ್ವುಡ್ ಬಿಚ್ಚಿ ಮತ್ತೆ ಮಿಕ್ಸ್ ಮಾಡಿ 2023ರಲ್ಲಿ 'ರೀಸೆಟ್ ಇನ್ ಡಬ್' ಅಂತ ಬಿಟ್ರಲ್ಲ (ಡಬ್ ಅಂದ್ರೆ ಹಾಡಿನ ದನಿ, ವಾದ್ಯ ಕಳಚಿ ಬೇಸ್, ಎಕೋ ಮುಂದೆ ತರೋ ಜಮೈಕಾದ ಶೈಲಿ), ಅದರ ಎಲ್ಪಿ ಹೋದ ವಾರ ಕೈಗೆ ಬಂತು. ಫೋನಲ್ಲಿ ಕೇಳಿದಾಗ ಚೆನ್ನಾಗಿದೆ ಅನ್ಸಿತ್ತು ಅಷ್ಟೆ, ಪ್ಲೇಟಲ್ಲಿ ದನಿ ಕರಗ್ತಾ ಹೋಗಿ ಬೇಸ್ ಒಂದೇ ನಿಂತಾಗ ಮೈ ಜುಮ್ ಅಂತು. ತೊಂದ್ರೆನೂ ಅಲ್ಲೇ. ವಾಲ್ಯೂಮ್ ಅರ್ಧ ದಾಟಿದ್ರೆ ಗುಂಯ್ ಅಂತ ಒಂದು ಸದ್ದು ಏರ್ತಾ ಏರ್ತಾ ಹೋಗಿ ಕೊನೇಗೆ ಮುಳ್ಳೇ ಹಾರತ್ತೆ. ಅಪ್ಪನ ಹಳೇ ಭಾವಗೀತೆ ಪ್ಲೇಟುಗಳು ಆರಾಮಾಗಿ ಓಡತ್ವೆ. ವಾಪಸ್ ಕಳಿಸ್ಲಾ? ಪ್ಲೇಯರ್, ಸ್ಪೀಕರ್ ಎರಡೂ ಟಿವಿ ಯೂನಿಟ್ ಮೇಲಿದೆ. ಕಾರ್ಟ್ರಿಜ್ (ಮುಳ್ಳು ಕೂರೋ ತಲೆ) ಎಟಿ-ವಿಎಂ95ಇ.

ರಾಜಾಜಿನಗರ33:
ಕಳಿಸ್ಬೇಡಿ ಗುರು! ಮೋಟಾರ್ ಆಫ್ ಮಾಡಿ, ನಿಂತಿರೋ ಪ್ಲೇಟ್ ಮೇಲೆ ಮುಳ್ಳಿಟ್ಟು, ಸ್ವಲ್ಪ ವಾಲ್ಯೂಮ್ ಕೊಟ್ಟು ಯೂನಿಟ್ ಮೇಲೆ ಬೆರಳಲ್ಲಿ ತಟ್ಟಿ ನೋಡಿ. ಸ್ಪೀಕರಲ್ಲಿ ಧಬ್ ಅಂದ್ರೆ ಕಳ್ಳ ಸಿಕ್ಕ. ಪ್ಲೇಟ್ ಕೊರೆಯುವಾಗ ಬೇಸ್ ತಗ್ಗಿಸಿ ಕೊರೀತಾರೆ, ಇಲ್ಲಾಂದ್ರೆ ಗೆರೆ ತೀರಾ ಅಗಲ ಆಗಿ ಒಂದು ಸೈಡಲ್ಲಿ ಹಾಡುಗಳು ಹಿಡಿಯಲ್ಲ. ನಾವು ಕೇಳುವಾಗ ಫೋನೋ ಸ್ಟೇಜ್, ಅಂದ್ರೆ ಪ್ಲೇಯರ್ ಸಿಗ್ನಲ್ ದೊಡ್ಡದು ಮಾಡೋ ಆಂಪ್, ಅದನ್ನ ವಾಪಸ್ ಎತ್ತತ್ತೆ, 20 ಹರ್ಟ್ಸ್ ಹತ್ರ ಸುಮಾರು 19 ಡೆಸಿಬೆಲ್ ಅಷ್ಟು. ಅದರ ಜೊತೆ ಮರದ ನಡುಕನೂ ಎದ್ದು ಸ್ಪೀಕರಿಗೆ ಹೋಗಿ, ಅಲ್ಲಿಂದ ಮರಕ್ಕೆ, ಮರದಿಂದ ಮತ್ತೆ ಮುಳ್ಳಿಗೆ, ಹೀಗೇ ಸುತ್ತತ್ತೆ. ಭಾವಗೀತೇಲಿ ಅಷ್ಟು ಕೆಳಗಿನ ಬೇಸೇ ಇರಲ್ಲ, ಅದಕ್ಕೇ ಗೊತ್ತಾಗಲ್ಲ.

ಕಡಪಕಲ್ಲು:
ಮೇಲಿನವರು ಹೇಳಿದ್ದು ಸರಿ. ಸ್ಪೀಕರ್ ಬೇರೆ ಸ್ಟೂಲಿಗೆ ಹಾಕಿ, ಪ್ಲೇಯರ್ ಕೆಳಗೆ ಒಂದು ಕಡಪ ಕಲ್ಲು. ಅಡುಗೆಮನೆ ಸ್ಲ್ಯಾಬ್ ಹಾಕೋರ ಹತ್ರ ತುಂಡು ಕೇಳಿದ್ರೆ ಕೊಡ್ತಾರೆ, ಕಲ್ಲಿನ ಕೆಳಗೆ ಮಕ್ಕಳ ರಬ್ಬರ್ ಮ್ಯಾಟ್ ಕಟ್ ಮಾಡಿ ಇಡಿ. ಮುಳ್ಳು ಪ್ಲೇಟ್ ಮೇಲೆ ಒತ್ತೋ ಭಾರನೂ ನೋಡಿ, ನಿಮ್ಮ ಕಾರ್ಟ್ರಿಜ್‌ಗೆ 2 ಗ್ರಾಂ ಬೇಕು. ಹಗುರ ಇಟ್ರೆ ಪ್ಲೇಟ್ ಸವೆಯಲ್ಲ ಅಂತ ಎಷ್ಟೋ ಜನ ಕಮ್ಮಿ ಇಡ್ತಾರೆ, ಹಾರೋದು ಅದರಿಂದ್ಲೇ, ಗೆರೆ ಹಾಳಾಗೋದೂ ಅದರಿಂದ್ಲೇ.

ದಯವಿಟ್ಟು ಬೇಸ್ ಕಮ್ಮಿ ಮಾಡಿ ಮಾತ್ರ ಕೇಳ್ಬೇಡಿ. ಡಬ್ ಶುರು ಮಾಡಿದವರಲ್ಲಿ ದೊಡ್ಡ ಹೆಸರು ಕಿಂಗ್ ಟಬ್ಬಿ, ಜಮೈಕಾದ ಕಿಂಗ್‌ಸ್ಟನ್ನಲ್ಲಿ ರೇಡಿಯೋ, ಆಂಪ್ ರಿಪೇರಿ ಮಾಡ್ತಿದ್ದ ಮನುಷ್ಯ, ನಮ್ಮ ಎಸ್‌.ಪಿ. ರೋಡಲ್ಲಿ ಸೋಲ್ಡರಿಂಗ್ ಹಿಡಿದು ಕೂತಿರ್ತಾರಲ್ಲ ಹಾಗೆ. ಬೀದೀಲಿ ಆಳೆತ್ತರ ಸ್ಪೀಕರ್ ಇಟ್ಟು ಕೇಳೋಕೆ ಮಾಡಿದ ಸಂಗೀತ ಅದು. ಹಾಡಿಂದ ದನಿ ತೆಗೆದು, ಗಿಟಾರ್ ತೆಗೆದು, ಉಳಿದಿದ್ದನ್ನ ಎಕೋಗೆ ಬಿಟ್ಟು ಮಿಕ್ಸಿಂಗ್ ಬೋರ್ಡನ್ನೇ ವಾದ್ಯ ಮಾಡ್ಕೊಂಡ್ರು. ಬೇಸ್ ತೆಗೆದ್ರೆ ಏನೂ ಉಳಿಯಲ್ಲ.

ಗಿರಿನಗರದವ:
ತಟ್ಟಿದೆ, ಧಬ್ ಅಂತು! ಭಾರ ಅಳೆದ್ರೆ 1.4 ಇತ್ತು, 2ಕ್ಕೆ ತಂದೆ. ಸ್ಪೀಕರ್ ಎರಡು ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತಿದೆ, ಕಲ್ಲು ಭಾನುವಾರ ತರ್ತೀನಿ. ಈಗ ಎರಡು ಸೈಡೂ ಪೂರ್ತಿ ಕೇಳ್ದೆ, ಒಂದ್ಸಲನೂ ಹಾರ್ಲಿಲ್ಲ. ಕಿಟಕಿ ಗಾಜು ಮಾತ್ರ ನಡುಗ್ತಿತ್ತು. ಅಮ್ಮ ಬಂದು ಬಾಗಿಲಲ್ಲಿ ನಿಂತು 'ಹಾಡೋನು ಎಲ್ಲಿ ಹೋದ್ನೋ?' ಅಂದ್ರು, ಆಮೇಲೆ ಅಲ್ಲೇ ಕೂತು ಸೈಡ್ ಮುಗಿಯೋವರ್ಗೂ ಕೇಳಿದ್ರು. ಇಬ್ರಿಗೂ ತುಂಬಾ ಥ್ಯಾಂಕ್ಸ್.