ಥೆರಪಿಗೆ ರೋಬೋಟ್: ಚೀಟಿ ದುಡ್ಡು ಹಾಕೋಣವೇ?

ಚಿಂತಾಮಣಿ_ಅಪ್ಪ: ಚಿಕ್ಕಬಳ್ಳಾಪುರದ ಸುತ್ತಮುತ್ತ ಆಟಿಸಂ ಇರುವ ಮಕ್ಕಳ ಮನೆಯವರು ಸೇರಿ ಚೀಟಿ ಹಾಕಿದ್ದೇವೆ. ಥೆರಪಿಗೆ ಪುಟ್ಟ ರೋಬೋಟ್ ತರುವ ಯೋಚನೆ. ಅಮೆರಿಕದ ಯೇಲ್ ವಿವಿಯವರು 12 ಮಕ್ಕಳ ಮನೆಯಲ್ಲಿ ರೋಬೋಟ್ ಇಟ್ಟು, ದಿನಕ್ಕೆ 30 ನಿಮಿಷದಂತೆ ಒಂದು ತಿಂಗಳು ಆಡಿಸಿದರು. ರೋಬೋಟ್ ಪಕ್ಕದಲ್ಲಿ ಇಲ್ಲದಾಗಲೂ ಮಕ್ಕಳು ದೊಡ್ಡವರು ತೋರಿಸಿದ ಕಡೆ ನೋಡುವುದು ಸುಧಾರಿಸಿತು. 2018ರಲ್ಲೇ ಪ್ರಕಟವಾಗಿದೆ. ಏನಂತೀರಿ?

ಶಿಡ್ಲಘಟ್ಟದ_ಗೂಡು: 12 ಮಕ್ಕಳಾ? ನಮ್ಮ ಬೀದಿ ಕ್ರಿಕೆಟ್‌ಗೆ ಅದಕ್ಕಿಂತ ಜಾಸ್ತಿ ಹುಡುಗರು ಬರುತ್ತಾರೆ. ಹೋಲಿಸಿ ನೋಡಲು ರೋಬೋಟ್ ಇಲ್ಲದ ಗುಂಪೂ ಇರಲಿಲ್ಲ.

ಚಿಂತಾಮಣಿ_ಅಪ್ಪ: ಕ್ರಿಕೆಟ್ ಲೆಕ್ಕ ಬೇಡ. ನೂರು ಸಲ ಕೇಳಿದರೂ ರೋಬೋಟ್ ಅದೇ ಮುಖ, ಅದೇ ದನಿಯಲ್ಲಿ ಹೇಳುತ್ತದೆ. ಹತ್ತನೇ ಸಲಕ್ಕೆ ನಾನು ರೇಗುತ್ತೇನೆ.

ಗೌರಿಬಿದನೂರು_ಅಕ್ಕ: "ಅದೇ ದನಿ", ಯಾವ ಭಾಷೆಯಲ್ಲಿ ಸ್ವಾಮಿ? ಇಂಗ್ಲಿಷಲ್ಲಿ ತಾನೆ? ನಮ್ಮ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ.

ನಂದಿ_ತಪ್ಪಲು: ಇಂಥ ಮಕ್ಕಳಿಗೆ ಒಂದೇ ಭಾಷೆ ಸಾಕು. ಮನೆಯಲ್ಲಿ ತೆಲುಗು ಬಿಡಿ.

ಗೌರಿಬಿದನೂರು_ಅಕ್ಕ: ಬಿಡಬೇಕಾ? ನಮ್ಮತ್ತೆಗೆ ಬೇರೆ ಭಾಷೆ ಬರುವುದಿಲ್ಲ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುವುದಿಲ್ಲ ಅಂತ ಎಷ್ಟೋ ಅಧ್ಯಯನಗಳು ಹೇಳಿವೆ. ಓದಿ ಬನ್ನಿ.

ನಂದಿ_ತಪ್ಪಲು: ಕರ್ನಾಟಕದಲ್ಲಿ ಇದ್ದು ಕನ್ನಡ ಕಲಿಸಿ ಅಂದರೆ ತಪ್ಪಾ?

ಗೌರಿಬಿದನೂರು_ಅಕ್ಕ: ಕಲಿಸಿ ಅನ್ನಲಿಲ್ಲ, "ಬಿಡಿ" ಅಂದಿರಿ. ನನ್ನ ಮಗನ ಮೊದಲ ಮಾತು "ನೀಳ್ಳು". ಐದು ವರ್ಷ ಕಾದು ಕೇಳಿದ್ದು. ಆಗ ನಾನು "ನೀರು ಅನ್ನಪ್ಪ" ಅಂತ ತಿದ್ದುತ್ತಾ ಕೂರಬೇಕಿತ್ತಾ?

ನಂದಿ_ತಪ್ಪಲು: ಭಾವನೆ ಬೇರೆ, ವಿಜ್ಞಾನ ಬೇರೆ.

ಗೌರಿಬಿದನೂರು_ಅಕ್ಕ: ವಿಜ್ಞಾನ ಹೇಳಿದ್ದೂ ನಾನೇ. ನೀವು ಹೇಳಿದ್ದು ಯಾವುದು?

ಶಿಡ್ಲಘಟ್ಟದ_ಗೂಡು: ಅಕ್ಕಾ, ಇಲ್ಲಿ ಮಾತು ರೋಬೋಟ್ ಬಗ್ಗೆ. ಯೇಲ್‌ನವರು ಬಳಸಿದ ಜೀಬೋ ಅನ್ನುವ ರೋಬೋಟ್ ಮಾಡುತ್ತಿದ್ದ ಕಂಪನಿಯೇ ಬಾಗಿಲು ಹಾಕಿದೆ. ನಿಮ್ಮದು ಕೆಟ್ಟರೆ ಬಿಬಿ ರಸ್ತೆಯ ಮೊಬೈಲ್ ಅಂಗಡಿಗೆ ಒಯ್ಯುತ್ತೀರಾ?

ಸ್ಪೀಚ್_ಥೆರಪಿ_ಮೇಡಂ: ರೋಬೋಟ್ ಬರೀ ನೆಪ. ಮಗು, ಅದು, ಜೊತೆಗೆ ಒಬ್ಬ ದೊಡ್ಡವರು, ಮೂವರ ಆಟ ಅದು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿವಿಯ ಕಾಸ್ಪರ್ ಅನ್ನುವ ಗೊಂಬೆಯನ್ನೂ ಪಕ್ಕದಲ್ಲಿ ಕೂತವರು ಬಟನ್ ಒತ್ತಿ ಆಡಿಸುತ್ತಾರೆ.

ನಂದಿ_ತಪ್ಪಲು: ಗೊಂಬೆ ಅಂತ ನೀವೇ ಒಪ್ಪಿದಿರಿ! ಗೊಂಬೆಗೆ ಇಷ್ಟು ದುಡ್ಡಾ?

ಚಿಂತಾಮಣಿ_ಅಪ್ಪ: ಚೀಟಿ ನಮ್ಮದು. ನಿಮ್ಮ ಜೇಬಿಗೆ ಕೈ ಹಾಕಿಲ್ಲ.

ಗೌರಿಬಿದನೂರು_ಅಕ್ಕ: ಮೊದಲು ಆ ರೋಬೋಟ್‌ಗೆ "ನೀಳ್ಳು" ಕಲಿಸಿ. ಆಮೇಲೆ ನನ್ನ ಪಾಲು ಕೊಡುತ್ತೇನೆ.

ನಂದಿ_ತಪ್ಪಲು: ಮತ್ತೆ ತೆಲುಗು!