ಗೋಡೆ ದಾಟಿ ಮೆದುಳಿಗೆ ಹೇಗೆ ಹೋಯಿತು, ಡಾಕ್ಟ್ರೇ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 61 ವರ್ಷ. ಬೀಡಿ, ಸಿಗರೇಟು ಮುಟ್ಟಿದವರೇ ಅಲ್ಲ. ಶ್ವಾಸಕೋಶದ ಕ್ಯಾನ್ಸರ್, ರಿಪೋರ್ಟಿನಲ್ಲಿ ಇಜಿಎಫ್‌ಆರ್ ಪಾಸಿಟಿವ್ ಅಂತಿದೆ. ಮೊನ್ನೆ ಎಂಆರ್‌ಐನಲ್ಲಿ ಮೆದುಳಿನಲ್ಲೂ ಮೂರು ಸಣ್ಣ ಗಂಟು ಕಂಡವು. ಮೆದುಳಿಗೆ ರಕ್ಷಣೆಯ ಗೋಡೆ ಇದೆಯಂತೆ, ಎಷ್ಟೋ ಔಷಧಿಗಳೇ ದಾಟುವುದಿಲ್ಲವಂತೆ. ಮತ್ತೆ ಇದು ಹೇಗೆ ದಾಟಿತು?

ಉತ್ತರ: ನಮಸ್ಕಾರ ಅಮ್ಮಾ. ಮೊದಲು ದಾರಿ ನೋಡೋಣ. ಶ್ವಾಸಕೋಶದ ರಕ್ತ ನೇರ ಹೃದಯದ ಎಡಭಾಗಕ್ಕೆ ಬರುತ್ತದೆ. ಅಲ್ಲಿಂದ ಹೊರಟ ರಕ್ತದಲ್ಲಿ ಸುಮಾರು 15 ಪರ್ಸೆಂಟ್ ಮೆದುಳಿಗೇ ಹೋಗುತ್ತದೆ. ಕಳಚಿಕೊಂಡ ಕ್ಯಾನ್ಸರ್ ಕೋಶ ಅದರ ಜೊತೆ ಹೋಗಿ, ಕೂದಲಿಗಿಂತ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ನೀವು ಹೇಳಿದ ಗೋಡೆ ಅಂದರೆ ಆ ನಾಳದ ಒಳಪದರವೇ. ಅಲ್ಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕ್ಯಾನ್ಸರ್ ಕೋಶ ಕಿಣ್ವಗಳಿಂದ ಆ ಬೆಸುಗೆ ಸಡಿಲಿಸಿ, ನಿಧಾನಕ್ಕೆ ನುಸುಳುತ್ತದೆ.

ಆದರೆ ಒಳಗೆ ಹೋದ ಬಹುಪಾಲು ಕೋಶಗಳು ಅಲ್ಲೇ ಸಾಯುತ್ತವೆ. ಮೆದುಳು ಸುಮ್ನೆ ಕೂರುವುದಿಲ್ಲ. ಅಲ್ಲಿ ಆಸ್ಟ್ರೊಸೈಟ್ ಎಂಬ ನಕ್ಷತ್ರದಾಕಾರದ ಕೋಶಗಳಿವೆ. ಇವುಗಳಿಂದಾಗಿ ಪ್ಲಾಸ್ಮಿನ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಕತ್ತರಿಯಂತೆ. ಕ್ಯಾನ್ಸರ್ ಕೋಶ ರಕ್ತನಾಳವನ್ನು ಹಿಡಿದುಕೊಳ್ಳಲು ಬಳಸುವ ಎಲ್1ಕ್ಯಾಮ್ ಎಂಬ ಅಂಟನ್ನು ತುಂಡರಿಸುತ್ತದೆ, ಸಾವಿನ ಸಂದೇಶವನ್ನೂ ಬಿಡುಗಡೆ ಮಾಡುತ್ತದೆ. ಉಳಿದುಕೊಳ್ಳುವುದು ಸರ್ಪಿನ್ ಎಂಬ ಪ್ರೋಟೀನ್ ತಯಾರಿಸುವ ಕೋಶಗಳು. ಸರ್ಪಿನ್ ಇದ್ದರೆ ಪ್ಲಾಸ್ಮಿನ್ ಹುಟ್ಟುವುದೇ ಇಲ್ಲ. ನ್ಯೂಯಾರ್ಕಿನ ಕ್ಯಾನ್ಸರ್ ವಿಜ್ಞಾನಿ ಮಸಾಗೆ ಅವರ ತಂಡ 2014ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು.

2016ರಲ್ಲಿ ಅದೇ ತಂಡ ಕಂಡದ್ದು ನನಗೆ ಇಂದಿಗೂ ಸಂಕಟ ತರುತ್ತದೆ. ಬದುಕುಳಿದ ಕೋಶ ಆಸ್ಟ್ರೊಸೈಟ್ ಜೊತೆಗೇ ಸಣ್ಣ ಕೊಳವೆಯಂಥ ಸಂಪರ್ಕ ಕಟ್ಟಿಕೊಂಡು, ಅದರೊಳಗೆ ಸಿಜಿಎಎಂಪಿ ಎಂಬ ಅಣು ಕಳಿಸುತ್ತದೆ. ಆಸ್ಟ್ರೊಸೈಟ್ ಅಪಾಯ ಬಂತೆಂದು ಇಂಟರ್‌ಫೆರಾನ್ ಮತ್ತು ಟಿಎನ್‌ಎಫ್ ಎಂಬ ಎಚ್ಚರಿಕೆಯ ಪ್ರೋಟೀನ್‌ಗಳನ್ನು ಸುರಿಸುತ್ತದೆ. ಅವೇ ಕ್ಯಾನ್ಸರ್‌ಗೆ ಬೆಳೆಯಲು ಬಲ ಕೊಡುತ್ತವೆ. ಕಾವಲುಗಾರನ ಕೈಯಲ್ಲೇ ಊಟ ಹಾಕಿಸಿಕೊಂಡಂತೆ, ಅಲ್ವಾ?

ಪ್ರಶ್ನೆ: ಹಾಗಾದ್ರೆ ಅಪ್ಪನಿಗೆ ಈಗ ಬ್ರೈನ್ ಕ್ಯಾನ್ಸರ್ ಕೂಡ ಬಂತಾ? ಮಾತ್ರೆ ಅಲ್ಲಿಗೆ ತಲುಪುತ್ತಾ?

ಉತ್ತರ: ಇಲ್ಲಮ್ಮಾ, ಅವು ಶ್ವಾಸಕೋಶದ ಕೋಶಗಳೇ, ಜಾಗ ಮಾತ್ರ ಬೇರೆ. ಅದಕ್ಕೇ ಚಿಕಿತ್ಸೆಯೂ ಶ್ವಾಸಕೋಶದ ಕ್ಯಾನ್ಸರಿನದೇ. ರಿಪೋರ್ಟಿನ ಇಜಿಎಫ್‌ಆರ್ ಅಂದರೆ ಕೋಶ ಬೆಳೆಯಲು ಸೂಚನೆ ಕೊಡುವ ಒಂದು ಜೀನ್. ಅದರಲ್ಲಿನ ಬದಲಾವಣೆ ಧೂಮಪಾನ ಮಾಡದವರಲ್ಲಿ, ಅದರಲ್ಲೂ ಏಷ್ಯಾದವರಲ್ಲಿ ಜಾಸ್ತಿ. ಅದಕ್ಕೆ ಗುರಿಯಿಟ್ಟ ಓಸಿಮರ್ಟಿನಿಬ್ ಮಾತ್ರೆ ಹಳೆಯ ಮಾತ್ರೆಗಳಿಗಿಂತ ಚೆನ್ನಾಗಿ ಮೆದುಳಿನೊಳಗೆ ಹೋಗುತ್ತದೆ. ಗಂಟುಗಳು ಕುಗ್ಗಿದ್ದನ್ನು ನಾನೇ ಎಂಆರ್‌ಐನಲ್ಲಿ ನೋಡಿದ್ದೇನೆ. ರಿಪೋರ್ಟಿನಲ್ಲಿ ಎಕ್ಸಾನ್ 19 ಅಂತಿದೆಯೋ, ಎಲ್858ಆರ್ ಅಂತಿದೆಯೋ (ಇವು ಆ ಬದಲಾವಣೆಯ ಎರಡು ಬಗೆ) ನೋಡಿಕೊಂಡು ನಿಮ್ಮ ಡಾಕ್ಟರನ್ನು ಕೇಳಿ. ಜೊತೆಗೆ ರೇಡಿಯೇಷನ್ ಬೇಕಾ ಅಂತಲೂ ಕೇಳಿ. ಫಿಟ್ಸ್ ಬಂದರೆ, ಬೆಳಗ್ಗೆ ವಾಂತಿಯ ಜೊತೆ ತಲೆನೋವು ಬಂದರೆ, ಒಂದು ಕೈ ಸೋತರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ.